ಒಂದೇ ಅಳತೆಯ ಏಳು ಬಿಲ್ಲೆ

ದಿನಕ್ಕೆ ಒಂದೋ ಎರಡೋ ಫೋಟೋ ನನ್ನ ಫೋನಿಗೆ ಬಂದು ಬೀಳುತ್ತವೆ. ಹಳೆಯ ಪತ್ರಿಕೆಯ ಮೇಲೆ ಇಟ್ಟ ಒಂದು ಹಿತ್ತಾಳೆ ಬಿಲ್ಲೆ, ಅಳತೆ ತಿಳಿಯಲೆಂದು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ, ಕೆಳಗೆ ಒಂದು ಸಾಲು: ‘ಮೇಡಂ, ಯುದ್ಧಭೂಮಿಯಲ್ಲಿ ಸಿಕ್ಕಿದ್ದಂತೆ, ಒರಿಜಿನಲ್ಲಾ ನೋಡಿ ಹೇಳಿ.’ ಕಳಿಸುವವರು ಯಾರೆಂದು ನನಗೆ ಗೊತ್ತಿರುವುದಿಲ್ಲ. ನ್ಯಾಮತಿಯಲ್ಲಿ ಒಬ್ಬ ರಿಟೈರಾದ ಟೀಚರಮ್ಮ ಇದ್ದಾಳೆ, ಸೈನ್ಯದ ಬಿಲ್ಲೆ ತೋರಿಸಿದರೆ ಅಸಲಿ ನಕಲಿ ಬೇರೆ ಮಾಡುತ್ತಾಳೆ ಎಂದು ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಈ ಕೆಲಸ ನನ್ನ ಕೊರಳಿಗೆ ಬಿದ್ದಿದೆ. ನನಗೆ ಸಾಕಾಗಿದೆ. ಕಣ್ಣು ಮೊದಲಿನಂತಿಲ್ಲ, ಮನಸ್ಸಂತೂ ಇಲ್ಲವೇ ಇಲ್ಲ. ಆದರೂ ಉತ್ತರ ಬರೆಯುತ್ತೇನೆ. ಹಿಂಬದಿಯ ಫೋಟೋ ಕಳಿಸಿ, ಮುಂಬದಿಯನ್ನು ಎಲ್ಲರೂ ಚೆನ್ನಾಗಿಯೇ ಮಾಡುತ್ತಾರೆ, ಎನ್ನುತ್ತೇನೆ. ಹಿಂಬದಿ ಬಂದಾಗ ನೂರಕ್ಕೆ ತೊಂಬತ್ತು ಸಲ ‘ನಕಲಿ’ ಎಂದು ಬರೆಯಬೇಕಾಗುತ್ತದೆ. ಕೆಲವರು ಬೈಯುತ್ತಾರೆ, ಕೆಲವರು ಸುಮ್ಮನಾಗುತ್ತಾರೆ. ಇದನ್ನೆಲ್ಲ ಎಲ್ಲಿ ಓದಿದಿರಿ ಎಂದು ಕೇಳುವವರೂ ಇದ್ದಾರೆ. ಓದಿ ಕಲಿತದ್ದಲ್ಲ. ಚನ್ನಗಿರಿಯ ನಮ್ಮ ಮನೆಯ ಹಿತ್ತಲಲ್ಲಿ, ತಿಪ್ಪೆಗೆ ಕೈ ಹಾಕಿ ಕಲಿತದ್ದು.

ನಮ್ಮಪ್ಪ ನಾಗಪ್ಪ ಎರಕದ ಕೆಲಸದವನು. ಮನೆಯ ಮುಂದಿನ ಕೋಣೆಯಲ್ಲಿ ನಾವು ಉಂಡು ಮಲಗುತ್ತಿದ್ದೆವು, ನಡುವಿನದು ಅಡುಗೆ ಮತ್ತು ದೇವರಿಗೆ, ಹಿಂದಿನ ಇಳಿಜಾರು ಮಾಡು ಅಪ್ಪನ ಕುಲುಮೆಗೆ. ಕುಲುಮೆ ಹೊತ್ತಿಸಿದ ದಿನ ಅಡುಗೆಕೋಣೆಯ ಗೋಡೆಯೂ ಬಿಸಿಯಾಗಿ, ಅವ್ವ ಮುದ್ದೆ ತಿರುವುತ್ತ ಬೆವರು ಒರೆಸಿಕೊಂಡು ಗೊಣಗುತ್ತಿದ್ದಳು. ಅಪ್ಪ ಎತ್ತಿನ ಕೊರಳಿನ ಗಂಟೆ, ಗೆಜ್ಜೆ, ದೀಪದ ಕಂಬ ಹೊಯ್ಯುತ್ತಿದ್ದ. ಸಂತೇಬೆನ್ನೂರು ಸಂತೆಗೆ ಒಂದು ಚೀಲ ಗಂಟೆ ಹೊತ್ತುಕೊಂಡು ಹೋದರೆ ಬರುವಾಗ ಚೀಲ ಮಡಚಿ ಬಗಲಲ್ಲಿ ಇಟ್ಟುಕೊಂಡು ಬರುತ್ತಿದ್ದ ಕಾಲವೂ ಇತ್ತು. ಆಮೇಲೆ ಟ್ರ್ಯಾಕ್ಟರ್ ಬಂದವು. ಟ್ರ್ಯಾಕ್ಟರಿಗೆ ಯಾರು ಗಂಟೆ ಕಟ್ಟುತ್ತಾರೆ? ಚೀಲ ಹೋದ ಹಾಗೆಯೇ ವಾಪಸು ಬರತೊಡಗಿತು. ಅಪ್ಪ ಒಳ್ಳೆಯ ಕೆಲಸಗಾರ, ಆದರೆ ಸುಮ್ಮನೆ ಕೂರಲಾರದವನು, ಕೆಲಸವಿಲ್ಲದ ದಿನ ಮನೆಯವರೆಲ್ಲರ ಮೇಲೆ ಹರಿಹಾಯುತ್ತಿದ್ದ. ಅವನ ಕೈಗೆ ಏನಾದರೂ ಕೆಲಸ ಸಿಗಲಿ ಎಂದು ನಾನೇ ಚಿಕ್ಕಂದಿನಲ್ಲಿ ದೇವರಿಗೆ ಕೈಮುಗಿದಿದ್ದೇನೆ. ಸಿಕ್ಕ ಕೆಲಸ ಎಂಥದ್ದು ಎಂದು ತಿಳಿದ ಮೇಲೆ ಕೈಮುಗಿಯುವಾಗ ಯೋಚಿಸಿ ಕೇಳಬೇಕು ಅನ್ನಿಸಿತು.

ಗಂಗತ್ತೆ ಅಪ್ಪನ ಅಕ್ಕ. ಅವಳ ಗಂಡ ಸೈನ್ಯದಲ್ಲಿದ್ದವರು. ಮದುವೆಯಾಗಿ ಮೂರು ಸಲ ರಜೆಗೆ ಬಂದಿದ್ದರಂತೆ, ನಾಲ್ಕನೆಯ ಸಲ ಅವರ ಬದಲು ಒಂದು ಕಪ್ಪು ಟ್ರಂಕು ಬಂತು. ಅದರೊಳಗೆ ಬಟ್ಟೆ, ಒಂದು ಕ್ಷೌರದ ಡಬ್ಬಿ, ಟೋಪಿಗೆ ಸಿಕ್ಕಿಸುವ ಹಿತ್ತಾಳೆ ಬಿಲ್ಲೆ. ಬಟ್ಟೆಯನ್ನು ಅತ್ತೆಯ ಮೈದುನರು ಹಂಚಿಕೊಂಡರು. ಬಿಲ್ಲೆಯನ್ನು ಸೆರಗಿಗೆ ಕಟ್ಟಿಕೊಂಡು ಅತ್ತೆ ತವರಿಗೆ ಬಂದಳು. ಅಡ್ಡಡ್ಡ ಇಟ್ಟ ಎರಡು ಕತ್ತಿ, ಅದರ ಮೇಲೊಂದು ಸಿಂಹ, ಕೆಳಗಿನ ಪಟ್ಟಿಯಲ್ಲಿ ಹಿಂದಿ ಅಕ್ಷರ. ನಮ್ಮಜ್ಜಿ ಬದುಕಿದ್ದಾಗ ಒಂದು ಕಟ್ಟಳೆ ಮಾಡಿದ್ದಳು. ಗಂಡ ಸತ್ತವಳು ಕುಂಕುಮದ ಭರಣಿ ಮುಟ್ಟಬಾರದೆನ್ನುವ ಮನೆ ನಮ್ಮದು, ಆದರೆ ದೇವರ ಗೂಡಿನಲ್ಲಿರುವ ಆ ಬಿಲ್ಲೆಗೆ ಮಾತ್ರ ಗಂಗಮ್ಮನೇ ಕುಂಕುಮ ಇಡಬೇಕು, ಬೇರೆ ಯಾರೂ ಇಡಕೂಡದು. ಹಾಗಾಗಿ ಪ್ರತಿ ಸೋಮವಾರ ಅತ್ತೆ ತಲೆಗೆ ನೀರು ಹಾಕಿಕೊಂಡು, ಬಿಲ್ಲೆಯನ್ನು ಹುಣಸೆಹಣ್ಣು ಬೂದಿ ಹಚ್ಚಿ ಹೆಬ್ಬೆರಳಿನಿಂದ ತಿಕ್ಕಿ ತೊಳೆದು, ವಿಭೂತಿ ಬಳಿದು, ಭರಣಿ ತೆಗೆದು ನಡುವೆ ಕುಂಕುಮ ಇಡುತ್ತಿದ್ದಳು. ಆ ಹೊತ್ತಿಗೆ ಅವ್ವ ಕೂಡ ಅಡುಗೆಕೋಣೆಯಿಂದ ಆಚೆ ಬಂದು ನಿಲ್ಲುತ್ತಿದ್ದಳು. ಉಳಿದ ಆರು ದಿನ ಅತ್ತೆ ಆ ಮನೆಯಲ್ಲಿ ಒಂದು ಮೂಲೆಯಲ್ಲಿ ಇದ್ದವಳು, ಸೋಮವಾರ ಬೆಳಗ್ಗೆ ಮಾತ್ರ ಮನೆಯ ಹೆಣ್ಣುಮಗಳು. ತಿಕ್ಕಿ ತಿಕ್ಕಿ ಸಿಂಹದ ಮುಖ ಸವೆದು ನಯವಾಗಿತ್ತು, ಆದರೆ ಕತ್ತಿಗಳ ಸಂದಿಯಲ್ಲಿ ಎಷ್ಟು ತೊಳೆದರೂ ಕೆಂಪು ಉಳಿದಿರುತ್ತಿತ್ತು.

ಹೊನ್ನಾಳಿಯಲ್ಲಿ ಹಳೆಯ ಸಾಮಾನು ಮಾರುವ ಒಬ್ಬರು ಅಪ್ಪನಿಂದ ದೀಪ ಕೊಳ್ಳುತ್ತಿದ್ದರು. ಅವರೇ ಒಂದು ದಿನ, ಸೈನ್ಯದ ಬಿಲ್ಲೆ ಮಾಡಿಕೊಡಾಕೆ ಆಗುತ್ತಾ ಎಂದು ಕೇಳಿದ್ದು. ಅಸಲಿ ಒಂದಿದ್ದರೆ ಅದನ್ನು ಮರಳಿನ ಪೆಟ್ಟಿಗೆಯಲ್ಲಿ ಒತ್ತಿ ಅಚ್ಚು ತೆಗೆಯಬಹುದು. ಅಸಲಿ ಮನೆಯಲ್ಲೇ ಇತ್ತು. ಶಾಲೆಯ ಮಕ್ಕಳ ಪರೇಡಿಗೆ ಬೇಕಂತೆ ಎಂದು ಅಪ್ಪ ಅತ್ತೆಗೆ ಹೇಳಿದ. ಅತ್ತೆ ಒಪ್ಪಿದಳು, ಆದರೆ ಬಿಲ್ಲೆ ತನ್ನ ಕಣ್ಣ ಮುಂದಿನಿಂದ ಆಚೆ ಹೋಗಬಾರದು ಎಂದಳು. ಅಚ್ಚು ತೆಗೆಯುವಷ್ಟು ಹೊತ್ತೂ ಕುಲುಮೆಯ ಪಕ್ಕ ಮಣೆ ಹಾಕಿಕೊಂಡು ಕೂತಿರುತ್ತಿದ್ದಳು. ಎರಕವಾದ ಮೇಲಿನ ಕೆಲಸಕ್ಕೆ ನಾನು. ನನಗಾಗ ಹನ್ನೆರಡು ವರ್ಷ. ಹೊಳೆಯುವ ಹೊಸ ಬಿಲ್ಲೆಗಳನ್ನು ಉಪ್ಪು, ಹುಣಸೆಹುಳಿ, ಎಮ್ಮೆ ಗಂಜಲ ಬೆರೆಸಿದ ಮಡಕೆಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಹಿತ್ತಲಿನ ತಿಪ್ಪೆಯಲ್ಲಿ ಹೂತುಬಿಡಬೇಕು. ತಿಪ್ಪೆಯ ಕಾವಿಗೆ ಒಂದೇ ದಿನದಲ್ಲಿ ಹೊಳಪು ಹೋಗುತ್ತದೆ, ಹದಿನೈದು ದಿನಕ್ಕೆ ಹಸಿರು ಕಿಲುಬು ಕಟ್ಟಿ ಐವತ್ತು ವರ್ಷ ಮಣ್ಣಲ್ಲಿ ಬಿದ್ದಿದ್ದ ಹಾಗೆ ಕಾಣುತ್ತದೆ. ಶಾಲೆಯ ಮಕ್ಕಳಿಗೆ ಕಿಲುಬು ಹಿಡಿದ ಬಿಲ್ಲೆ ಯಾಕೆ ಎಂದು ನಾನು ಕೇಳಲಿಲ್ಲ. ಕೆಲಸ ಮಾಡುತ್ತ ಅಪ್ಪ ಖುಷಿಯಲ್ಲಿರುತ್ತಿದ್ದ, ತನ್ನ ಕೆಲಸದ ತಪ್ಪುಗಳನ್ನು ತಾನೇ ತೋರಿಸಿ ಪಾಠ ಹೇಳುತ್ತಿದ್ದ.

“ನೋಡು ಸುಮಿ, ಇದು ಕಾರ್ಖಾನೆಯಾಗೆ ಒತ್ತಿ ತೆಗೆದಿದ್ದು, ಅಂಚು ಹೆಂಗೆ ನೆಟ್ಟಗೈತೆ. ನಮ್ದು ಎರಕ, ಅಂಚಿಗೆ ಅರ ಹಾಕಲೇಬೇಕು, ಗೀರು ಉಳೀತೈತೆ. ತಗ್ಗಿನಾಗೆ ಮರಳಿನ ಗುಳ್ಳೆ ಇರ್ತಾವೆ. ಇವೆಲ್ಲ ಮುಚ್ಚಬೌದು. ಒಂದು ಮಾತ್ರ ಮುಚ್ಚಾಕೆ ಬರಲ್ಲ.”

“ಯಾವ್ದಪ್ಪ?”

“ಅಳತೆ. ಕಾದ ಹಿತ್ತಾಳೆ ಆರುವಾಗ ಕುಗ್ಗುತೈತೆ. ಎಷ್ಟೇ ಚೆನ್ನಾಗಿ ಹೊಯ್ದ್ರೂ ನಕಲು ಅಸಲಿಗಿಂತ ಒಂದು ಕೂದಲೆಳೆ ಚಿಕ್ಕದು. ಬೆನ್ನಿಗೆ ಬೆನ್ನು ಕೊಟ್ಟು ಉಗುರಾಡ್ಸು, ಗೊತ್ತಾಗುತೈತೆ.”

ನಾನು ಉಗುರಾಡಿಸಿ ನೋಡಿದೆ. ಅಸಲಿಯ ಅಂಚು ಉಗುರಿಗೆ ತಡೆಯಿತು. ಅಂಥ ವಿದ್ಯೆ ನನಗೆ ಗೊತ್ತಾಯಿತಲ್ಲ ಎಂದು ಹೆಮ್ಮೆಯಿಂದ ಆ ದಿನ ಒಂದು ತುತ್ತು ಹೆಚ್ಚೇ ಉಂಡೆ.

ಒಂದು ಮಧ್ಯಾಹ್ನ ಹೊನ್ನಾಳಿಯವರು ತಾವೇ ಮನೆಗೆ ಬಂದರು. ಮುಂದಿನ ಕೋಣೆಯಲ್ಲಿ ಚಾಪೆ ಹಾಸಿ ಕೂರಿಸಿದ್ದಾಯಿತು. ಅವರು ಚೀಲದಿಂದ ಒಂದು ಬಿಲ್ಲೆ ತೆಗೆದು ಅಪ್ಪನ ಮುಂದಿಟ್ಟರು. ಒಳಗೆ ಸೊಪ್ಪು ಸೋಸುತ್ತಿದ್ದ ಅತ್ತೆಗೂ ನನಗೂ ಅವರ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ನಾಗಪ್ಪ, ಹಿಮದ ಬೆಟ್ಟದಾಗೆ ಲಡಾಯಿ ಆದ ಜಾಗದಾಗೆ ಸಿಕ್ಕಿದ್ದು ಅಂತ ಹೇಳಿ ಕೊಟ್ಟಿದ್ದೆ. ಕೊಂಡೋರು ಹಿಂದಿನ ಕುಣಿಕೆ ಸಂದಿಯಾಗೆ ಭತ್ತದ ಹೊಟ್ಟು ಕಂಡು ವಾಪಸ್ ತಂದ್ರು. ಹಿಮದ ಬೆಟ್ಟದಾಗೆ ಭತ್ತ ಯಾರು ಬೆಳೀತಾರೆ ಹೇಳು. ತಿಪ್ಪೆಯಿಂದ ತೆಗೆದ ಮ್ಯಾಲೆ ಸರಿಯಾಗಿ ತೊಳೀಬೇಕಪ್ಪ.”

ಅವರು ನಗುತ್ತಲೇ ಹೇಳಿದರು, ಅಪ್ಪನೂ ನಕ್ಕ. ಅತ್ತೆ ಸೊಪ್ಪಿನ ಮೊರ ಕೆಳಗಿಟ್ಟಳು. ಅವರು ಎದ್ದುಹೋದರು. ಅಪ್ಪ ಊಟಕ್ಕೆ ಕೂತು ಮುದ್ದೆ ಮುರಿದಾಗ ಅತ್ತೆ ಎದುರಿಗೆ ಬಂದು ನಿಂತಳು.

“ಮಕ್ಕಳ ಪರೇಡಿಗೆ ಅಂದಿದ್ದೆ.”

“ಅಕ್ಕ, ನಾನು ಮಾಡಿದ್ದು ಬಿಲ್ಲೆ. ಅವ್ರು ಅದ್ರ ಮ್ಯಾಲೆ ಏನು ಕತೆ ಕಟ್ಟಿ ಮಾರ್ತಾರೋ ಅದು ನಂಗೆ ಬೇಡ.”

“ನಮ್ಮ ಯಜಮಾನ್ರು ಒಂದು ಸಲ ಸತ್ತಾರೆ ಕಣೋ ನಾಗ. ನೀನು ಇನ್ನೆಷ್ಟು ಸಲ ಸಾಯಿಸ್ತೀಯ?”

ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ. ಅವ್ವ, ಉಣ್ಣುವ ಹೊತ್ತಿನಲ್ಲಿ ಯಾಕೆ ಎಂದು ಇಬ್ಬರನ್ನೂ ಬೈದಳು. ಅಂದಿನಿಂದ ಅತ್ತೆ ಬಿಲ್ಲೆಯನ್ನು ಕುಲುಮೆಯ ಕಡೆ ಹೋಗಗೊಡಲಿಲ್ಲ. ಅಪ್ಪ ಕೇಳಲೂ ಇಲ್ಲ. ಅವನ ಗುಣಕ್ಕೆ ಅದು ಹೊಸದು, ಬೇಡ ಅಂದದ್ದನ್ನು ಎರಡು ಸಲವಾದರೂ ಕೇಳುವವನು ಅವನು. ಅಚ್ಚು ಬೇಕಾಗದಷ್ಟು ಬಿಲ್ಲೆ ಮೊದಲೇ ಹೊಯ್ದಿಟ್ಟಿದ್ದ, ಅದಕ್ಕೆ ಸುಮ್ಮನಿದ್ದಾನೆ ಎಂದುಕೊಂಡೆ.

ಆ ವರ್ಷದ ಆಯುಧಪೂಜೆಯ ಹಿಂದಿನ ದಿನ ಮನೆಯ ಲೋಹವೆಲ್ಲ ಹಿತ್ತಲಿಗೆ ಬಂತು. ಇಕ್ಕಳ, ಸುತ್ತಿಗೆ, ಅರ, ಕುಡುಗೋಲು, ಈಳಿಗೆಮಣೆ, ದೇವರ ಸಾಮಾನು. ಅವ್ವ ಒಂದು ಮುಷ್ಟಿ ಹುಣಸೆಹಣ್ಣು ನೆನೆಹಾಕಿಕೊಂಡು ಕೂತವಳು ಏಳಲಿಲ್ಲ. ಅತ್ತೆಗೆ ಎರಡು ದಿನದಿಂದ ಜ್ವರ, ಒಳಗೆ ಮಲಗಿದ್ದಳು. ಅದಕ್ಕೆಂದು ಅವ್ವ ಗೂಡಿನಲ್ಲಿದ್ದ ಬಿಲ್ಲೆಯನ್ನೂ ತಂದು, ತಾನೇ ತೊಳೆದು, ಒಣಗಲೆಂದು ಮೊರದಲ್ಲಿಟ್ಟಳು. ಅಪ್ಪ ಅರ ಹಾಕಿ ಮುಗಿಸಿದ್ದ ಆರು ಹೊಸ ಬಿಲ್ಲೆಗಳೂ ಅದೇ ಮೊರದಲ್ಲಿದ್ದವು. ಹೊಳೆಯುವುದನ್ನೆಲ್ಲ ಮಡಕೆಗೆ ಹಾಕಬೇಕು ಎನ್ನುವುದಷ್ಟೇ ನನಗೆ ಗೊತ್ತಿದ್ದದ್ದು. ಸಂಜೆ ದೀಪ ಹಚ್ಚುವುದರೊಳಗೆ ಹಾಕಿ, ಬಟ್ಟೆ ಕಟ್ಟಿ, ಹೂತು, ಕೈ ತೊಳೆದುಕೊಂಡು ಒಳಗೆ ಬಂದೆ. ಬೇರೆಯವರ ಮನೆಯಲ್ಲಿ ಈ ತಪ್ಪು ಆಗುತ್ತಿರಲಿಲ್ಲ. ಬೇರೆಯವರು ಹಳೆಯದನ್ನು ಹಳೆಯದಾಗಿಯೇ ಇಟ್ಟುಕೊಳ್ಳುತ್ತಾರೆ. ನಮ್ಮ ಮನೆಯಲ್ಲಿ ಹಳೆಯದು ಮಿರಿಮಿರಿ ಮಿಂಚುತ್ತಿತ್ತು, ಹೊಸದಕ್ಕೆ ಕಿಲುಬು ಹಿಡಿಸುತ್ತಿದ್ದೆವು.

ಬೆಳಗ್ಗೆ ಅತ್ತೆ ಜ್ವರದಲ್ಲೇ ಎದ್ದು ಮಿಂದು ಗೂಡಿನ ಮುಂದೆ ನಿಂತಳು. ಭರಣಿ ಕೈಯಲ್ಲಿತ್ತು, ಬಿಲ್ಲೆ ಇರಲಿಲ್ಲ. ಅವ್ವ ಮೊರ ನೋಡಿದಳು, ಅಪ್ಪ ನನ್ನನ್ನು ನೋಡಿದ. ನಾನೇ ಓಡಿಹೋಗಿ ತಿಪ್ಪೆ ಕೆದರಿ ಮಡಕೆ ತಂದೆ. ಒಳಗಿನ ಏಳೂ ಬಿಲ್ಲೆ ಕಂದು ಹಿಡಿದು ಒಂದರ ಹಾಗೆ ಒಂದಾಗಿದ್ದವು. ಅತ್ತೆ ಗೋಡೆಗೆ ಕೈಕೊಟ್ಟು ಕೆಳಗೆ ಕೂತಳು. ಹೆದರಿಕೆಯಲ್ಲೂ ನನಗೊಂದು ಧೈರ್ಯವಿತ್ತು. ಅಸಲಿ ದೊಡ್ಡದು, ಉಗುರಿಗೆ ತಡೆಯುತ್ತದೆ, ಅಪ್ಪನಿಗಿಂತ ಮೊದಲು ನಾನೇ ಹುಡುಕಿಕೊಡುತ್ತೇನೆ ಎಂದು ಎರಡೆರಡನ್ನು ಬೆನ್ನಿಗೆ ಬೆನ್ನು ಕೊಟ್ಟು ಉಗುರಾಡಿಸಿದೆ. ಮೊದಲನೆಯದು ಎರಡನೆಯದಕ್ಕೆ ಸಮ. ಮೂರನೆಯದೂ ಸಮ. ಏಳನ್ನೂ ನೋಡಿದೆ, ತಿರುಗಿ ಇನ್ನೊಮ್ಮೆ ನೋಡಿದೆ. ಒಂದೂ ಉಗುರಿಗೆ ತಡೆಯಲಿಲ್ಲ. ಏಳಕ್ಕೂ ಅಂಚಿನಲ್ಲಿ ಅಪ್ಪನ ಅರದ ಗೀರು ಇತ್ತು. ತಲೆ ಎತ್ತಿದರೆ ಅಪ್ಪ ನನ್ನ ಬೆರಳುಗಳನ್ನೇ ನೋಡುತ್ತಿದ್ದ. ಅವನು ಬಗ್ಗಿ, ಒಂದನ್ನು ಎತ್ತಿ, ಪಂಚೆಯ ಚುಂಗಿನಿಂದ ಒರೆಸಿದ.

“ಇದೇ ಅಕ್ಕ. ತಗೋ.”

ಅತ್ತೆ ಅದನ್ನು ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿದಳು.

“ನಿಮ್ಮಪ್ಪ ಪರೇಡಿಗೆ ಅಂತ ಹೇಳಿದೋನು. ನೀನು ಹೇಳು ಸುಮಿ. ನಿಂಗೂ ನೋಡಾಕೆ ಬರುತೈತೆ. ಇದೇ ಏನು?”

ಅಪ್ಪ ನನಗೆ ಸನ್ನೆಯನ್ನೂ ಮಾಡಲಿಲ್ಲ. ಅವನ ಮುಖ ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿತ್ತು. ಅತ್ತೆಯ ಕೈಯಲ್ಲಿ ಭರಣಿ ಹಾಗೆಯೇ ಇತ್ತು. ಇಲ್ಲ ಅಂದರೆ ಆ ಭರಣಿ ವಾಪಸು ಗೂಡಿಗೆ ಹೋಗುತ್ತದೆ, ಇನ್ನೆಂದೂ ಅವಳ ಕೈಗೆ ಬರುವುದಿಲ್ಲ ಎಂಬಷ್ಟು ನನಗೆ ಹೊಳೆಯಿತು.

“ಹೂಂ ಅತ್ತೆ, ಇದೇ,” ಎಂದೆ.

ಅವಳು ಅದನ್ನು ಹುಣಸೆಹಣ್ಣಿನಲ್ಲಿ ಮತ್ತೆ ತೊಳೆದು ಗೂಡಿನಲ್ಲಿಟ್ಟು ಕುಂಕುಮ ಇಟ್ಟಳು. ಪೂಜೆಯಾಯಿತು, ಹೋಳಿಗೆಯಾಯಿತು, ನಾನು ಉಂಡದ್ದೆಲ್ಲ ಕಕ್ಕಿದೆ. ಅತ್ತೆಯ ಜ್ವರ ನನಗೂ ತಗುಲಿದೆ ಎಂದು ಅವ್ವ ಕಷಾಯ ಕುಡಿಸಿದಳು.

ದೀಪಾವಳಿಗೆ ಮುಂಚೆ ಅಪ್ಪ ಹೊನ್ನಾಳಿಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದ. ಬಸ್ಸು ಅರ್ಧ ದಾರಿ ಹೋದ ಮೇಲೆ ಅವನೇ ಕಿಟಕಿಯ ಕಡೆ ನೋಡುತ್ತ ಹೇಳತೊಡಗಿದ. ಕೊನೆಯ ಸಲ ಅಚ್ಚು ತೆಗೆದ ದಿನ ಅತ್ತೆ ಎಸರು ಕುದಿಯಿತೇ ನೋಡಲು ಒಳಗೆ ಹೋಗಿದ್ದಳಂತೆ. ಅಷ್ಟರಲ್ಲಿ ಅಸಲಿಯ ಜಾಗಕ್ಕೆ ನಕಲಿ ಇಟ್ಟೆ ಎಂದ. ಹೊನ್ನಾಳಿಯವರು ಹಿಂದೊಮ್ಮೆ ದೀಪ ಕೊಳ್ಳಲು ಮನೆಗೆ ಬಂದಾಗ ಅಸಲಿಯನ್ನು ಕಂಡಿದ್ದರು, ಅದು ಬೇಕೇ ಬೇಕು, ಇಲ್ಲದಿದ್ದರೆ ಮುಂದೆ ಕೆಲಸವಿಲ್ಲ ಎಂದಿದ್ದರಂತೆ.

“ಅದೇ ಯಾಕೆ ಬೇಕಿತ್ತಪ್ಪ?”

“ಕತ್ತಿ ಸಂದಿಯಾಗೆ ಕೆಂಪು ಇತ್ತಲ್ಲ. ಅದನ್ನ ರಕ್ತ ಅಂತ ಹೇಳಿ ಮಾರ್ತಾರಂತೆ.”

ಅಂಗಡಿಯಲ್ಲಿ ಅಪ್ಪ ಆ ಬಿಲ್ಲೆ ವಾಪಸು ಕೊಡಿ, ಏನು ಬೇಕಾದರೂ ಮಾಡಿಕೊಡುತ್ತೇನೆ ಎಂದು ಕೈ ಹಿಡಿದು ಕೇಳಿದ. ಅದು ಬಂದ ವಾರವೇ ಹೋಯಿತು, ಕೊಂಡವರ ಊರು ಯಾವುದೋ ಯಾರಿಗೆ ಗೊತ್ತು ಎಂದು ಅವರು ಚಹಾ ತರಿಸಿದರು. ಅಪ್ಪ ಚಹಾ ಕುಡಿಯಲಿಲ್ಲ. ಊರಿಗೆ ಬಂದವನು ಮತ್ತೆ ಬಿಲ್ಲೆ ಎರಕ ಹೊಯ್ಯಲಿಲ್ಲ, ಗಂಟೆಯನ್ನೂ ಹೆಚ್ಚು ಹೊಯ್ಯಲಿಲ್ಲ, ಒಂದು ಪಾತ್ರೆ ಅಂಗಡಿಯಲ್ಲಿ ಬೆಸುಗೆ ಹಾಕುವ ಕೆಲಸಕ್ಕೆ ಸೇರಿ ಅದರಲ್ಲೇ ಸವೆದುಹೋದ. ನನಗೆ ಅವನ ಮೇಲೆ ಸಿಟ್ಟಿತ್ತು. ಈಗಲೂ ಇದೆ. ಆದರೆ ಸಿಟ್ಟನ್ನು ಹೊತ್ತು ಹೊತ್ತು ತೋಳು ಸೋತಿದೆ, ಅಷ್ಟೇ.

ನಾನು ಟೀಚರಾಗಿ, ಮದುವೆಯಾಗಿ ನ್ಯಾಮತಿಗೆ ಬಂದೆ. ಅಪ್ಪ ಅವ್ವ ಹೋದ ಮೇಲೆ ಗಂಗತ್ತೆಯನ್ನು ನನ್ನ ಮನೆಗೇ ಕರೆದುಕೊಂಡು ಬಂದೆ. ಜೊತೆಗೆ ಬಿಲ್ಲೆಯೂ ಬಂತು, ಸೋಮವಾರದ ಹುಣಸೆಹಣ್ಣೂ ಬಂತು. ನಾನು ಬಿಲ್ಲೆ ಸಂಗ್ರಹಿಸುತ್ತೇನೆ ಎಂದು ಜನ ತಿಳಿದುಕೊಂಡದ್ದು ಆ ದಿನಗಳಲ್ಲಿ. ನಾನು ಹುಡುಕುತ್ತಿದ್ದದ್ದು ಒಂದನ್ನೇ. ಎರಡು ಕತ್ತಿ ಒಂದು ಸಿಂಹ ಎಲ್ಲೇ ಇದೆ ಎಂದು ಕಿವಿಗೆ ಬಿದ್ದರೂ ಬಸ್ಸು ಹತ್ತಿ ಹೋಗುತ್ತಿದ್ದೆ. ಸಿಕ್ಕಿದ್ದೆಲ್ಲ ಅಪ್ಪನ ಅರದ ಗೀರಿನವು. ಅವನ್ನೂ ಕೊಂಡು ತರುತ್ತಿದ್ದೆ, ಇನ್ನೊಬ್ಬರ ಕಣ್ಣಿಗೆ ಮಣ್ಣೆರಚುವುದು ತಪ್ಪಲಿ ಎಂದು. ಮೂವತ್ತಕ್ಕೂ ಹೆಚ್ಚು ಅಂಥವು ನನ್ನ ಕಬ್ಬಿಣದ ಬೀರುವಿನಲ್ಲಿವೆ.

ಹೀಗೆ ಹುಡುಕುತ್ತ ಜಗಳೂರಿನಲ್ಲಿ ಓಬಳೇಶಪ್ಪನವರ ಪರಿಚಯವಾಯಿತು. ಹವಾಲ್ದಾರರಾಗಿ ನಿವೃತ್ತರಾದವರು, ಗಂಗತ್ತೆಯ ಗಂಡನಿದ್ದ ಸೈನ್ಯದ ಪಟಾಲಮ್ಮಿನವರೇ. ಅವರ ಬಳಿ ಇದ್ದದ್ದು ಅವರದೇ ಟೋಪಿಯ ಬಿಲ್ಲೆ, ಕೊಳ್ಳುವ ಮಾತೇ ಇರಲಿಲ್ಲ. ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿ, ಇದರ ಮೇಲೆ ಯಾಕಿಷ್ಟು ಆಸೆ ಎಂದು ಕೇಳಿದರು. ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿದೆ. ಕೇಳಿ ಮುಗಿದ ಮೇಲೆ ಅವರು ಒಳಗೆ ಹೋಗಿ ಬಿಲ್ಲೆ ತಂದು ನನ್ನ ಕೈಗಿಟ್ಟರು.

“ಇದನ್ನ ಗೂಡಿನಾಗೆ ಇಡವ್ವ. ಆ ಅಮ್ಮ ಇರೋ ತನಕ ಅಸಲಿಗೆ ಕುಂಕುಮ ಇಡ್ಲಿ. ಒಂದೇ ಪಟಾಲಮ್ಮಿನೋರು ನಾವು. ನಂಗೆ ಇನ್ಯಾಕೆ ಇದು.”

ಬೇಡ ಎಂದೆ. ಅವರು ಕೇಳಲಿಲ್ಲ. ಭಾನುವಾರ ಅತ್ತೆ ಮಲಗಿದ್ದಾಗ ಅವರ ಬಿಲ್ಲೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಗೂಡಿನಲ್ಲಿಟ್ಟೆ, ಅಪ್ಪನದನ್ನು ಬೀರುವಿಗೆ ಹಾಕಿ ಬೀಗ ಹಾಕಿದೆ. ಹನ್ನೆರಡು ವರ್ಷದವಳಿದ್ದಾಗ ಆಡಿದ ಮಾತು ಈಗ ನಿಜವಾಯಿತು ಎಂದು ಸಮಾಧಾನವಾಯಿತು. ಹಗುರವಾಗಿದ್ದೆ, ಸುಳ್ಳು ಹೇಳಲಾರೆ.

ಸೋಮವಾರ ಅತ್ತೆ ಮಿಂದು ಬಂದು ಬಿಲ್ಲೆ ಕೈಗೆ ತೆಗೆದುಕೊಂಡಳು. ಹೆಬ್ಬೆರಳು ಒಂದು ಸುತ್ತು ಆಡಿಸಿ ನಿಲ್ಲಿಸಿದಳು. ಅವಳಿಗೆ ಆಗಲೇ ಕಣ್ಣು ಮಂಜಾಗಿತ್ತು, ನೋಡಲು ಪ್ರಯತ್ನವನ್ನೂ ಮಾಡಲಿಲ್ಲ.

“ಸುಮಿ, ಇದು ನಂದಲ್ಲ.”

“ನಿಂದೇ ಅತ್ತೆ. ನಿನ್ನೆ ಬೆಳಗಿದೆ, ಅದಕ್ಕೆ ಹಂಗೆ ಅನ್ಸುತೈತೆ.”

“ನಾಕು ದಿನದ್ದಲ್ಲ ತಾಯಿ, ನಾನು ತಿಕ್ಕಿದ್ದು. ನಂದು ಇದಕ್ಕಿಂತ ಚಿಕ್ಕದು. ಇದ್ರ ಅಂಚು ಚುಚ್ಚುತೈತೆ, ಸಿಂಹಕ್ಕೆ ಮೂಗು ಐತೆ. ಯಾರೋ ನಿಂಗೆ ಮೋಸ ಮಾಡಿ ನಕಲಿ ಕೊಟ್ಟು ನಂದು ಹೊಡ್ಕೊಂಡು ಹೋಗ್ಯಾರೆ. ನಿಮ್ಮಪ್ಪ ಇದ್ದಿದ್ರೆ ಒಂದು ನಿಮಿಷಕ್ಕೆ ಹೇಳೋನು.”

ಆಯುಧಪೂಜೆಯ ದಿನ ಗೋಡೆಗೆ ಕೈಕೊಟ್ಟು ಕೂತ ಹಾಗೆಯೇ ಅಡುಗೆಮನೆಯ ಬಾಗಿಲಿಗೆ ಒರಗಿ ಕೂತುಬಿಟ್ಟಳು. ನಾನು ಬೀರು ತೆಗೆದು ಅಪ್ಪನ ಬಿಲ್ಲೆ ತಂದುಕೊಟ್ಟೆ. ತೊಳೆಯುವಾಗ ಬೇರೆಯದರ ಜೊತೆ ಅದಲುಬದಲಾಗಿತ್ತು ಎಂದೆ. ಅವಳು ಅದರ ಮೇಲೆ ಹೆಬ್ಬೆರಳಾಡಿಸಿ, ಸೆರಗಿನಿಂದ ಮುಖ ಒರೆಸಿಕೊಂಡು, ಭರಣಿಗೆ ಕೈ ಚಾಚಿದಳು.

ಆ ಶನಿವಾರ ಜಗಳೂರಿಗೆ ಹೋಗಿ ಓಬಳೇಶಪ್ಪನವರ ಬಿಲ್ಲೆ ಅವರಿಗೆ ವಾಪಸು ಕೊಟ್ಟೆ.

“ಯಾಕವ್ವ, ಅಮ್ಮಗೆ ಗುರ್ತು ಸಿಕ್ತಾ?”

“ಸಿಕ್ತು. ನಿಮ್ದನ್ನ ನಕಲಿ ಅಂದ್ರು.”

ಅವರು ಬಿಲ್ಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಹೆಗಲ ಮೇಲಿನ ಟವೆಲಿನಿಂದ ಒರೆಸಿ, ಅಂಗಿಯ ಜೇಬಿಗೆ ಹಾಕಿಕೊಂಡು, ಮಜ್ಜಿಗೆ ತರುವಂತೆ ಸೊಸೆಗೆ ಹೇಳಿದರು.